ಟಪಾಲ ಮಾಸ್ತರರ ಶನಿವಾರದ ಸುತ್ತು

ನಮ್ಮ ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ಟಪಾಲ ಮಾಸ್ತರ ಎನ್ನುತ್ತಿದ್ದರು. ಅಂಚೆ ಇಲಾಖೆಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಅವರು ಕಂಪ್ಯೂಟರಿನವರು. ಆಸ್ಪತ್ರೆಯ ಇಮೇಲುಗಳೆಲ್ಲ ಬಂದು ಇಳಿಯುವ ಸರ್ವರ್ ಎಂಬ ಕಪ್ಪು ಡಬ್ಬಿಯನ್ನು ನೋಡಿಕೊಳ್ಳುವುದು ಅವರ ಕೆಲಸ. ಹೋದ ತಿಂಗಳು ನಮ್ಮ ಹಳೆಯ ಸ್ಟೋರ್‌ಕೀಪರ್ ಫೋನ್ ಮಾಡಿ, ಮಾಸ್ತರು ದಾಂಡೇಲಿಯಲ್ಲಿ ತೀರಿಕೊಂಡರು ಎಂದು ಹೇಳಿದರು. ನಾನು ‘ಹೌದೇನ್ರಿ’ ಎಂದು ಫೋನ್ ಇಟ್ಟುಬಿಟ್ಟೆ. ಏನಾಗಿತ್ತು, ಯಾವಾಗ ಎಂದು ಕೇಳಲಿಲ್ಲ. ಆ ಮನುಷ್ಯನ ವಿಷಯದಲ್ಲಿ ನಾನು ಬಾಯಿ ಬಿಡದೆ ಕೂತದ್ದು ಅದೇ ಮೊದಲ ಸಲವೇನೂ ಆಗಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದರ ಹಿಂದೆಯೇ ಆಸ್ಪತ್ರೆಯ ಹೆಸರು, ಡಾಕ್ಟರ ಹೆಸರು, ತೀರಿಹೋದ ಒಬ್ಬ ಹೆಣ್ಣುಮಗಳ ಹೆಸರು ಎಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಕಡೆಗೆ ನನ್ನದೂ ಬರಬೇಕಾಗುತ್ತದೆ. ನನ್ನದು ಬಂದರೆ ತಪ್ಪೇನಿಲ್ಲ, ಉಳಿದವರದು ಬೇಡ.

ನಮ್ಮದು ಹಳಿಯಾಳದಲ್ಲಿ ಒಂದು ಟ್ರಸ್ಟಿನ ಸಣ್ಣ ಆಸ್ಪತ್ರೆ. ಜೋಯಿಡಾದಲ್ಲೊಂದು, ಮುಂಡಗೋಡ ತಾಲೂಕಿನ ಚಿಗಳ್ಳಿಯಲ್ಲೊಂದು ದವಾಖಾನೆ ಅದರ ಕೈಕೆಳಗೆ. ನಾನು ದೊಡ್ಡ ಡಾಕ್ಟರ ಕ್ಲಾರ್ಕು, ಎಲ್ಲರ ಬಾಯಲ್ಲಿ ‘ಬಾಯಾರು’, ಅಂದರೆ ಅಮ್ಮಾವ್ರು. ಅವರ ಕೋಣೆಯ ಬಾಗಿಲ ಹೊರಗೆ ನನ್ನ ಮೇಜು. ಡಾಕ್ಟರಿಗೆ ಪರದೆಯ ಮೇಲೆ ಓದುವುದೆಂದರೆ ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅವರ ಹೆಸರಿಗೆ ಬಂದ ಇಮೇಲುಗಳನ್ನು ನಾನು ತೆರೆದು, ಬೇಕಾದದ್ದನ್ನು ಕಾಗದದ ಮೇಲೆ ಮುದ್ರಿಸಿ, ಕ್ಲಿಪ್ಪು ಹಾಕಿ ಒಳಗೆ ಇಡಬೇಕು. ಮಾಸ್ತರು ಕೆಲಸಕ್ಕೆ ಸೇರುವ ಹೊತ್ತಿಗೆ ನಾನಲ್ಲಿ ಹಳೆಯ ಹುಲಿಯಾಗಿದ್ದೆ. ಕಂಪ್ಯೂಟರಿನವರು ಎಂದರೆ ಟೈಟ್ ಪ್ಯಾಂಟಿನ ಹುಡುಗ ಬಂದಾನು ಎಂದುಕೊಂಡಿದ್ದರೆ, ಹಣೆಗೆ ಮೂರು ಬೆರಳು ವಿಭೂತಿ ಬಳಿದುಕೊಂಡು, ವಾಚಿನ ಪಟ್ಟಿಯೊಳಗೆ ಬಸ್ ಟಿಕೆಟ್ ಸಿಕ್ಕಿಸಿಕೊಂಡು, ಐವತ್ತರ ಹತ್ತಿರದ ಒಬ್ಬ ಮನುಷ್ಯ ದಾಂಡೇಲಿ ಬಸ್ಸಿನಿಂದ ಇಳಿದು ಬಂದರು. ಅವರ ತಂದೆ ಕಾಗದದ ಮಿಲ್ಲಿನ ಕೆಲಸಕ್ಕೆಂದು ಧಾರವಾಡ ಕಡೆಯ ಹಳ್ಳಿಯಿಂದ ದಾಂಡೇಲಿಗೆ ಬಂದವರಂತೆ. ಇವರು ಅಲ್ಲೇ ಹುಟ್ಟಿ, ಅಲ್ಲೇ ಕಲಿತು, ಕಂಪ್ಯೂಟರುಗಳು ನಮ್ಮ ಕಡೆ ಕಾಲಿಟ್ಟ ದಿನದಿಂದ ಅವುಗಳ ಸಂಗಡ ಇದ್ದವರು.

ಬಂದ ಮೊದಲ ವಾರವೇ ಒಂದು ಉದ್ದನೆಯ ಗೆರೆ ಹಾಕಿದ ನೋಟ್‌ಬುಕ್ ತೆಗೆದುಕೊಂಡು ಮೇಜು ಮೇಜಿಗೂ ಹೊರಟರು. ಆಗ ನಮ್ಮೆಲ್ಲರ ಪೆಟ್ಟಿಗೆಗಳಲ್ಲಿ ಬೇಡದ ಇಮೇಲುಗಳ ಕಾಟ ವಿಪರೀತವಾಗಿತ್ತು. ಲಾಟರಿ ಹತ್ತಿದೆ, ತೂಕ ಇಳಿಸಿಕೊಳ್ಳಿ, ಸತ್ತ ರಾಜನ ಆಸ್ತಿಗೆ ನೀವೇ ವಾರಸುದಾರರು, ಇಂಥವು. ಅದಕ್ಕೊಂದು ಜರಡಿ ಹಾಕುವುದು ಅವರ ಮೊದಲ ಕೆಲಸ. ಎಲ್ಲರಿಗೂ ಒಂದೇ ನಿಯಮ ಹಾಕಿ ಮುಗಿಸಿ ಎಂದು ಟ್ರಸ್ಟಿನ ಕಾರ್ಯದರ್ಶಿ ಹೇಳಿದರು. ಇವರು ಒಪ್ಪಲಿಲ್ಲ.

“ಎಲ್ಲಾರ ಹೊಟ್ಟಿಗೂ ಒಂದ ಅಳತಿ ರೊಟ್ಟಿ ಆಗೂದಿಲ್ರಿ ಸಾಹೇಬ್ರ,” ಎಂದರು. “ನಿಮಗ ಕಸ ಅನ್ನಿಸಿದ್ದು ಇನ್ನೊಬ್ಬರಿಗೆ ಬೇಕಾಗಿರತೈತಿ.”

ನನ್ನ ಮೇಜಿನ ಮುಂದೆ ಕೂತು ಆ ಜರಡಿಯ ಲೆಕ್ಕ ಹೇಳಿದ್ದು ನನಗೆ ಈಗಲೂ ನೆನಪಿದೆ. “ನೋಡ್ರಿ ಬಾಯಾರ, ನಮ್ಮ ಡಬ್ಬಿ ಬಂದ ಬಂದ ಟಪಾಲಿಗೆ ಮಾರ್ಕ್ಸ್ ಕೊಡತೈತಿ. ಸಾಲ್ಯಾಗ ಶಾಣ್ಯಾಗ ಹೆಚ್ಚು ಮಾರ್ಕ್ಸ್, ಇಲ್ಲಿ ಕಳ್ಳಗ ಹೆಚ್ಚು. ದೊಡ್ಡಕ್ಷರದಾಗ ಚೀರಿದ್ರ ಒಂದು, ಅರ್ಜೆಂಟ್ ಅಂದ್ರ ಒಂದು, ಗುರುತಿಲ್ಲದ ಕಡಿಯಿಂದ ಬಂದ್ರ ಅರ್ಧ. ಎಲ್ಲಾ ಕೂಡಿ ಐದು ಆತಂದ್ರ ಕಸದ ಪೆಟ್ಟಿಗಿಗೆ. ಆದ್ರ ಆ ಐದು ಅನ್ನೂದು ನಂದಲ್ಲ, ನಿಮಗೆಷ್ಟು ಬೇಕು ಅಂತ ನೀವ ಹೇಳಬೇಕು. ಕೆಳಗ ಇಟ್ರ ಬಿಗಿ, ಮ್ಯಾಲ ಇಟ್ರ ಸಡಿಲ.” ಆಮೇಲೆ ಎರಡು ಪಟ್ಟಿ. ಯಾರದು ಏನೇ ಆದರೂ ಬರಲೇಬೇಕೋ ಅವರ ಹೆಸರು ‘ಬರ್ರಿ’ ಪಟ್ಟಿಗೆ, ಯಾರ ಮುಖ ಬೇಡವೋ ಅವರದು ‘ಬ್ಯಾಡ್ರಿ’ ಪಟ್ಟಿಗೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಬರೆದಾದ ಮೇಲೆ ನೋಟ್‌ಬುಕ್ಕನ್ನು ತಿರುಗಿಸಿ ಮುಂದಿಟ್ಟು ಸಹಿ ತೆಗೆದುಕೊಳ್ಳುತ್ತಿದ್ದರು.

ಸ್ಟೋರ್‌ಕೀಪರ್‌ಗೆ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ವಧೂವರರ ಕಂಪನಿಯೊಂದರ ಇಮೇಲುಗಳನ್ನು ತಡೆಯಬೇಡಿ ಎಂದು ಅವರು ಗೋಡೆ ನೋಡುತ್ತ ಹೇಳಿದರಂತೆ. ಮಾಸ್ತರು ‘ಬರ್ರಿ’ ಪಟ್ಟಿಯಲ್ಲಿ ಬರೆದುಕೊಂಡರು. ಮೀಸೆಯಡಿ ಕೂಡ ನಗಲಿಲ್ಲವಂತೆ, ಮುಂದೆ ಯಾರ ಹತ್ತಿರವೂ ಆಡಲಿಲ್ಲವಂತೆ. ಇದನ್ನು ನನಗೆ ಸ್ಟೋರ್‌ಕೀಪರರೇ ಹೇಳಿದ್ದು, ಬಹಳ ವರ್ಷಗಳ ಮೇಲೆ. ಜೋಯಿಡಾ ದವಾಖಾನೆಯ ಕೊಂಕಣಿ ಮಾತಿನ ನರ್ಸಮ್ಮ ಒಬ್ಬಳಿಗಾಗಿ ಇವರು ಒಂದು ದಿನ ಬಸ್ಸು ಹಿಡಿದು ಕಾಡಿನ ದಾರಿಯಲ್ಲಿ ಜೋಯಿಡಾಕ್ಕೆ ಹೋಗಿ ಬಂದರು. ಕೂತಲ್ಲಿಂದಲೇ ಮಾಡಬಹುದಿತ್ತಲ್ಲ ಎಂದು ನಾನು ಚೇಷ್ಟೆ ಮಾಡಿದೆ.

“ಮಾಡಬಹುದಿತ್ರಿ. ಆದ್ರ ಕೇಳಬೇಕಲ್ಲ. ಆಕಿ ಅಣ್ಣ ಗೋವಾದಿಂದ ಬರೀ ನಗಿಚಾಟಿಕಿ ಕಳಸತಾನಂತ. ಡಬ್ಬಿ ಅದನ್ನೆಲ್ಲ ಕಸ ಅಂತಿತ್ತು. ಆಕಿಗೆ ಅದ ಬೇಕಾಗೇತಿ. ಎಂಟಕ್ಕ ಇಟ್ಟು ಬಂದೆ.”

ಇನ್ನೊಂದು ರೂಢಿ ಅವರದು ಶನಿವಾರದ ಸುತ್ತು. ಪ್ರತಿ ತಿಂಗಳ ಮೊದಲ ಶನಿವಾರ ಊಟಕ್ಕೆ ಮುಂಚೆ ಎಲ್ಲರ ಮೇಜಿಗೂ ಬರುವರು. ‘ನಿಮ್ಮ ಕಸದ ಪೆಟ್ಟಿಗಿ ತಗೀರಿ, ನಿಮಗ ಬೇಕಾದ್ದು ಏನರ ಅದರಾಗ ಬಿದ್ದೈತೇನು ನೋಡ್ರಿ’ ಎನ್ನುವರು. ನಾವು ತೆಗೆದ ಕೂಡಲೇ ಬೆನ್ನು ತಿರುಗಿಸಿ ನಿಲ್ಲುವರು. ಬೇರೆಯವರ ಟಪಾಲಿನ ಮೇಲೆ ಕಣ್ಣು ಬೀಳಬಾರದು ಎಂಬುದು ಅವರ ವ್ರತ. ನನ್ನ ಮೇಜಿನ ಎದುರು ಗೋಡೆಯ ಮೇಲೆ ಔಷಧ ಕಂಪನಿಯೊಂದರ ಕ್ಯಾಲೆಂಡರಿತ್ತು. ಕೈಗಳನ್ನು ಹಿಂದೆ ಕಟ್ಟಿಕೊಂಡು ಅದರ ಮುಂದೆ ನಿಂತು ತಿಥಿ ನಕ್ಷತ್ರ ಓದುವರು. ನಾವು ‘ನೋಡಿದೆ, ಏನೂ ಇಲ್ಲ’ ಎಂದರೆ ನೋಟ್‌ಬುಕ್ಕಿನಲ್ಲಿ ಒಂದು ಗೀಟು ಎಳೆದು ಮುಂದಕ್ಕೆ ಹೋಗುವರು. ದೇವರ ಗುಡಿಯಲ್ಲಿ ಪರದೆ ಎಳೆದಾಗ ಹೊರಗೆ ನಿಂತ ಹಾಗೆ ನಿಲ್ತಾರೆ ಎಂದು ನಾವು ಹೆಂಗಸರು ಆಡಿಕೊಳ್ಳುತ್ತಿದ್ದೆವು.

ಇನ್ನು ಡಾಕ್ಟರ ಪುಟದ ವಿಷಯ. ಮಾಸ್ತರು ನೋಟ್‌ಬುಕ್ ಹಿಡಿದು ಡಾಕ್ಟರ ಕೋಣೆಗೆ ಹೋದರು. ಒಳಗಿನಿಂದ ಡಾಕ್ಟರ ದನಿ ಕೇಳಿತು: “ಅದೆಲ್ಲ ನಮ್ಮ ಬಾಯಾರನ್ನ ಕೇಳ್ರಿ.” ನಮ್ಮ ಕಚೇರಿಗಳಲ್ಲಿ ಇದೇನೂ ವಿಚಿತ್ರ ಅಲ್ಲ. ಸಾಹೇಬರ ಚಹಾಕ್ಕೆ ಸಕ್ಕರೆ ಎಷ್ಟು, ಯಾರು ಬಂದರೆ ‘ಇಲ್ಲ’ ಎನ್ನಬೇಕು, ಯಾವ ಕಾಗದಕ್ಕೆ ಮೊದಲು ಸಹಿ ಎಂಬುದೆಲ್ಲ ಕ್ಲಾರ್ಕಿಗೇ ಗೊತ್ತು. ಸಾಹೇಬರ ಇಷ್ಟ ಎಂದರೆ ಅರ್ಧ ಕ್ಲಾರ್ಕಿನ ಇಷ್ಟವೇ. ಡಾಕ್ಟರ ಪೆಟ್ಟಿಗೆಗೆ ದಿನವೂ ಔಷಧ ಕಂಪನಿಗಳ ಜಾಹೀರಾತು ಮೊರಗಟ್ಟಲೆ ಬೀಳುತ್ತಿತ್ತು. ಅದನ್ನು ಆರಿಸಿ ಎಸೆಯುವುದರಲ್ಲಿ ನನ್ನ ಬೆಳಗಿನ ಅರ್ಧ ತಾಸು ಹೋಗುತ್ತಿತ್ತು.

“ಎರಡು ಇಡ್ರಿ,” ಎಂದೆ.

ಅವರು ಬರೆಯಲಿಲ್ಲ. “ಎರಡು ಅಂದ್ರ ಭಾಳ ಬಿಗಿ ಆತ್ರಿ ಬಾಯಾರ. ಡಾಕ್ಟರ ಹೆಸರಿಗೆ ಎಂಥೆಂಥಾ ಟಪಾಲು ಬರತಾವ. ನಾಲ್ಕು ಇಡೂಣು.”

“ನಾಲ್ಕು ಇಟ್ರ ಆರಸೂದು ನೀವೇನು? ಎರಡು ಅಂದ್ರ ಎರಡು. ಡಾಕ್ಟರ ಹೇಳ್ಯಾರ.”

ಡಾಕ್ಟರು ಹೇಳಿರಲಿಲ್ಲ. ಮಾಸ್ತರು ನನ್ನ ಮುಖವನ್ನೇ ಒಂದು ಕ್ಷಣ ನೋಡಿ ಎರಡು ಎಂದು ಬರೆದರು. ಯಾರದು ಬರಲೇಬೇಕು ಎಂದು ಕೇಳಿದರು. ಟ್ರಸ್ಟಿನ ಕಚೇರಿ, ಕಾರ್ಯದರ್ಶಿ ಎಂದೆ. ರೋಗಿಗಳ ಪರೀಕ್ಷೆಯ ವರದಿಗಳು ಆಗ ಹುಬ್ಬಳ್ಳಿಯ ಪ್ರಯೋಗಾಲಯದಿಂದ ಲಕೋಟೆಯಲ್ಲಿ, ಬಸ್ ಕಂಡಕ್ಟರ ಕೈಯಲ್ಲಿ ಬರುತ್ತಿದ್ದವು. ಆದ್ದರಿಂದ ಅದರ ಹೆಸರು ನನ್ನ ಬಾಯಿಗೆ ಬರಲಿಲ್ಲ. ‘ಡಾಕ್ಟರ ಪರವಾಗಿ’ ಎಂದು ಬರೆದು ಸಹಿ ಹಾಕಿದೆ. ಶನಿವಾರದ ಸುತ್ತಿನಲ್ಲಿ ಅವರ ಕಸದ ಪೆಟ್ಟಿಗೆ ತೆಗೆದು ನೋಡುವುದೂ ನನ್ನ ಪಾಲಿಗೇ ಬಂತು.

ಮುಂದೆ ಆ ಪ್ರಯೋಗಾಲಯದವರು ಲಕೋಟೆ ಬಿಟ್ಟು ಇಮೇಲಿನಲ್ಲಿ ವರದಿ ಕಳಿಸಲು ಶುರು ಮಾಡಿದರು. ಶನಿವಾರ ಬಂದಾಗಲೆಲ್ಲ ಮಾಸ್ತರು ಕೇಳುತ್ತಿದ್ದರು, “ಹೊಸಾಬರು ಯಾರರ ಟಪಾಲು ಕಳಸಾಕ ಹತ್ಯಾರೇನ್ರಿ?” ನಾನು ಇಲ್ಲ ಎನ್ನುತ್ತಿದ್ದೆ. ಹೌದು ಎಂದರೆ ಅವರು ಕೂಡುತ್ತಾರೆ, ಪುಟ ಹುಡುಕುತ್ತಾರೆ, ಬರೆಯುತ್ತಾರೆ, ಸಹಿ ಕೇಳುತ್ತಾರೆ. ಹೇಗೂ ವರದಿಗಳು ಸರಿಯಾಗಿ ಬರುತ್ತಿದ್ದವು. ಸಕ್ಕರೆ ಕಾಯಿಲೆಯವು, ಥೈರಾಯಿಡಿನವು, ಜ್ವರದವು ದಿನಾ ಬಂದು ಬೀಳುತ್ತಿದ್ದವು. ಇದರಲ್ಲಿ ಬರೆಸುವುದೇನಿದೆ ಎಂದುಕೊಂಡೆ.

ಆ ವರ್ಷ ಸಂಕ್ರಾಂತಿ ಮುಗಿದ ವಾರ ಹತ್ತಿರದ ಸಾಂಬ್ರಾಣಿ ಹಳ್ಳಿಯ ಒಬ್ಬ ಹೆಣ್ಣುಮಗಳು ಡಾಕ್ಟರ ಹತ್ತಿರ ಬಂದಳು. ನಲವತ್ತರ ಒಳಗಿನ ವಯಸ್ಸು. ಹಳಿಯಾಳದ ಸಂತೆಗೆ ಮೆಂತ್ಯೆ, ರಾಜಗಿರಿ, ಹಸಿ ಮೆಣಸಿನಕಾಯಿ ತಂದು ಮಾರುವವಳು. ಎದೆಯಲ್ಲಿ ಗಂಟು. ಡಾಕ್ಟರು ಅದರದೊಂದು ಚೂರು ತೆಗೆದು ಹುಬ್ಬಳ್ಳಿಗೆ ಪರೀಕ್ಷೆಗೆ ಕಳಿಸಿದರು. ವರದಿ ಬಂದ ಮೇಲೆ ನೋಡೋಣ ಎಂದರು.

ಸಂತೆಯ ದಿನ ಬುಟ್ಟಿಯನ್ನು ಹೊರಗಿಟ್ಟು ಒಳಗೆ ಬಂದು ಕೇಳಿದಳು. “ಬಾಯಾರ, ನಂದು ಕಾಗದ ಬಂತೇನ್ರಿ?”

“ಇನ್ನೂ ಬಂದಿಲ್ಲವಾ. ಬಂದ ಕೂಡಲೆ ಫೋನ್ ಮಾಡತೇನಿ.”

ಎರಡು ವಾರ ಬಿಟ್ಟು ಮತ್ತೆ ಬಂದಳು. ಆಮೇಲೆ ಹೋಳಿ ಹುಣ್ಣಿಮೆಯ ಮರುದಿನ ಇನ್ನೊಮ್ಮೆ. ಮೂರೂ ಸಲ ನಾನು ಅದೇ ಮಾತು ಹೇಳಿದೆ. ಹುಬ್ಬಳ್ಳಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಉಳಿದವರ ವರದಿಗಳೆಲ್ಲ ಬರುತ್ತಿವೆ, ಇದೊಂದು ಬಂದಿಲ್ಲ ಅಂದರೆ ಇನ್ನೂ ಆಗಿಲ್ಲ ಎಂದೇ ಅರ್ಥ ಎಂದು ನನ್ನೊಳಗೆ ನಾನೇ ತೀರ್ಮಾನ ಮಾಡಿದ್ದೆ. ನನ್ನ ತೀರ್ಮಾನದ ಮೇಲೆ ನನಗೆ ಬಹಳ ನಂಬಿಕೆ ಆಗ.

ಈ ನಡುವೆ ಎರಡು ಶನಿವಾರದ ಸುತ್ತು ಬಂದು ಹೋದವು. ಮೊದಲನೆಯದರ ದಿನ ಆಸ್ಪತ್ರೆಯಲ್ಲಿ ಕಣ್ಣಿನ ಶಿಬಿರ, ಜನವೋ ಜನ. ಮಾಸ್ತರು ಬಂದು ಮಾಮೂಲಿನಂತೆ ಕ್ಯಾಲೆಂಡರಿನ ಕಡೆ ತಿರುಗಿದರು. ನನ್ನ ಕೈ ರಜಿಸ್ಟರಿನ ಮೇಲಿತ್ತು. ಕಂಪ್ಯೂಟರಿನ ಮೌಸು ಕೂಡ ಮುಟ್ಟದೆ “ನೋಡಿದೆ, ಏನೂ ಇಲ್ರಿ” ಎಂದೆ. ಅವರ ಬೆನ್ನಿಗೆ ಕಣ್ಣಿರಲಿಲ್ಲ. ಗೀಟು ಎಳೆದು ಹೋದರು. ಎರಡನೆಯ ಸಲ ಯಾವ ಶಿಬಿರವೂ ಇರಲಿಲ್ಲ. ಮೊದಲ ಸಲ ಇಷ್ಟು ಸುಲಭವಾಗಿ ಮುಗಿದಿತ್ತಲ್ಲ ಎಂದು ಹಾಗೇ ಹೇಳಿದೆ, ಅಷ್ಟೆ.

ಯುಗಾದಿ ಆದ ಮೇಲಿನ ಶನಿವಾರ ಮಾಸ್ತರು ನನ್ನ ಮೇಜಿಗೇ ಮೊದಲು ಬಂದರು. ಕನ್ನಡಕವನ್ನು ಅಂಗಿಯ ಚುಂಗಿನಿಂದ ಒರೆಸುತ್ತ, ನೆಲ ನೋಡಿಕೊಂಡು ಮಾತಾಡಿದರು. “ಬಾಯಾರ, ಡಾಕ್ಟರ ಕಸದ ಪೆಟ್ಟಿಗಿ ಎರಡು ತಿಂಗಳಿಂದ ಯಾರೂ ತಗದ ಇಲ್ಲಂತ ನಮ್ಮ ಡಬ್ಬಿ ತೋರಸಾಕ ಹತ್ತೇತಿ. ಡಬ್ಬಿದ ತಪ್ಪಿರಬೇಕು. ಒಮ್ಮಿ ನೋಡಿಬಿಡ್ರಿ.”

ನನ್ನ ಸುಳ್ಳನ್ನು ಹಿಡಿದೂ ಹಿಡಿಯದ ಹಾಗೆ ಮುಂದಿಟ್ಟು ಅವರು ಗೋಡೆಯ ಕಡೆ ತಿರುಗಿದರು. ಮುಖ ಬಿಸಿಯಾಗಿ ನಾನು ಪೆಟ್ಟಿಗೆ ತೆಗೆದೆ. ಜಾಹೀರಾತು, ಜಾಹೀರಾತು, ಜಾಹೀರಾತು. ಕೆಳಗೆ ಎಳೆಯುತ್ತ ಹೋದೆ. ಹುಬ್ಬಳ್ಳಿ ಪ್ರಯೋಗಾಲಯದ ಹೆಸರು ಕಂಡಿತು. ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಅರ್ಜೆಂಟ್, ಕೂಡಲೇ ಗಮನಿಸಿ’ ಎಂದು ಇಂಗ್ಲಿಷಿನಲ್ಲಿತ್ತು. ಅದರ ಕೆಳಗೆ ಸಾಂಬ್ರಾಣಿಯ ಹೆಣ್ಣುಮಗಳ ಹೆಸರು. ಚೂರು ಕಳಿಸಿದ ಹತ್ತನೆಯ ದಿನಕ್ಕೇ ಅದು ಬಂದು ಬಿದ್ದಿತ್ತು.

ಸಾಮಾನ್ಯ ವರದಿಗಳು ತಣ್ಣಗೆ ಬರುತ್ತಿದ್ದವು, ಅದಕ್ಕೆ ಅವು ಜರಡಿಯನ್ನು ದಾಟುತ್ತಿದ್ದವು. ಇದು ಕ್ಯಾನ್ಸರ್ ಎಂದು ಕಂಡ ಕೂಡಲೇ ಅಲ್ಲಿಯ ಯಾವನೋ ಪುಣ್ಯಾತ್ಮ, ಡಾಕ್ಟರ ಕಣ್ಣಿಗೆ ಬೇಗ ಬೀಳಲಿ ಎಂದು ದೊಡ್ಡಕ್ಷರದಲ್ಲಿ ಬರೆದಿದ್ದ. ದೊಡ್ಡಕ್ಷರಕ್ಕೆ ಒಂದು, ಅರ್ಜೆಂಟಿಗೆ ಒಂದು, ‘ಬರ್ರಿ’ ಪಟ್ಟಿಯಲ್ಲಿ ಹೆಸರಿಲ್ಲದ್ದಕ್ಕೆ ಅರ್ಧ ಎಂದು ಡಬ್ಬಿ ಅದಕ್ಕೆ ಎರಡೂವರೆ ಕೊಟ್ಟಿತ್ತು. ಮಾಸ್ತರು ಹೇಳಿದ ನಾಲ್ಕಕ್ಕೆ ಇಟ್ಟಿದ್ದರೆ ಅದೇ ದಿನ ನನ್ನ ಮೇಜಿಗೆ ಬರುತ್ತಿತ್ತು.

“ಏನಾತ್ರಿ?” ಎಂದು ಅವರು ಗೋಡೆಗೆ ಮುಖ ಮಾಡಿಕೊಂಡೇ ಕೇಳಿದರು. ನಾನು ಆ ಹೆಸರನ್ನೇ ಇನ್ನೊಮ್ಮೆ ಓದಿದೆ. ಮತ್ತೊಮ್ಮೆ ಕೇಳಿದರು. ಆಮೇಲೆ ಅವರು ತಿರುಗಿದರು. ಅಷ್ಟು ವರ್ಷಗಳಲ್ಲಿ ಅವರು ಬೇರೊಬ್ಬರ ಪರದೆಯನ್ನು ನೋಡಿದ್ದು ಅದೊಂದೇ ಸಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

“ಕೇಳಾಕ ಬಂದಿದ್ಲೇನ್ರಿ ಆಕಿ?”

“ಮೂರು ಸಲ.”

ಕನ್ನಡಕ ತೆಗೆದು ನನ್ನ ಮೇಜಿನ ಮೇಲಿಟ್ಟರು. “ಈಗ ಒಳಗ ಹೋಗಿ ಡಾಕ್ಟರಿಗೆ ಹೇಳ್ರಿ. ನಾ ಆಕಿನ್ನ ಕರಕೊಂಡು ಬರತೇನಿ,” ಎಂದು ಹಾಗೇ ಹೊರಟರು. ಬಾಗಿಲ ಹತ್ತಿರ ಕಂಬಕ್ಕೆ ಹಾಯ್ದು, ಕನ್ನಡಕದ ನೆನಪಾಗಿ ತಿರುಗಿ ಬಂದರು. ಅಂದು ಊಟ ಬಿಟ್ಟು ಸಾಂಬ್ರಾಣಿಗೆ ಹೋಗಿ, ಹೊಲದಲ್ಲಿ ಇದ್ದವಳನ್ನು ಹುಡುಕಿ ಕರೆತಂದದ್ದು ಅವರೇ. ಡಾಕ್ಟರು ಆಕೆಯನ್ನು ಆ ದಿನವೇ ಹುಬ್ಬಳ್ಳಿಗೆ ಕಳಿಸಿದರು. ಗಂಟು ಕಂಕುಳವರೆಗೆ ಹಬ್ಬಿದೆ ಎಂದು ಅಲ್ಲಿಯವರು ಹೇಳಿದರು. ಎರಡು ತಿಂಗಳು ಮೊದಲು ಬಂದಿದ್ದರೆ ಉಳಿಯುತ್ತಿದ್ದಳೋ ಎಂದರೆ ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ಟ್ರಸ್ಟಿನವರು ವಿಚಾರಣೆ ಮಾಡಿದರು. ಕಾರ್ಯದರ್ಶಿ, ಡಾಕ್ಟರು, ಮಾಸ್ತರು, ನಾನು, ನಾಲ್ಕೇ ಜನ. ಮಾಸ್ತರು ನೋಟ್‌ಬುಕ್ ತಂದಿದ್ದರು. ತೊಡೆಯ ಮೇಲಿಟ್ಟು ಅದರ ಮೇಲೆ ಎರಡೂ ಕೈ ಊರಿ ಕೂತಿದ್ದರು.

“ಡಾಕ್ಟರ ಪೆಟ್ಟಿಗೆಗೆ ಎರಡು ಅಂತ ಹಾಕಿದವರು ಯಾರು?”

“ನಾನ್ರಿ.”

“ಹಾಕಿ ಅಂದವರು ಯಾರು?”

“ಯಾರ ಅಂದಿರ್ಲಿ ಸಾಹೇಬ್ರ. ಹಾಕಬಾರದು ಅಂತ ಗೊತ್ತಿದ್ದಾಂವ ಇಡೀ ದವಾಖಾನ್ಯಾಗ ನಾ ಒಬ್ಬನ.”

ಡಾಕ್ಟರು ಕಿಟಕಿಯ ಹೊರಗೆ ನೋಡುತ್ತಿದ್ದರು. ನೋಟ್‌ಬುಕ್ ತೆಗೆಯಿರಿ ಎಂದು ಅವರು ಹೇಳಲಿಲ್ಲ. ತೆಗೆದರೆ ಅದರಲ್ಲಿ ತಮ್ಮ ಹೆಸರು ಇರುತ್ತದೆ ಎಂಬುದು ಅವರಿಗೆ ತಿಳಿಯದ್ದೇನಲ್ಲ. ಕಾರ್ಯದರ್ಶಿಗೆ ಒಬ್ಬ ಸಿಕ್ಕಿದ್ದ, ಸಾಕಿತ್ತು. ನಾನು ಸೆರಗಿನ ಅಂಚು ಹಿಡಿದುಕೊಂಡು ಕೂತಿದ್ದೆ. ಬಾಯಿ ತೆರೆಯಲು ಬೇಕಾದಷ್ಟು ಹೊತ್ತು ಇತ್ತು. ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಇದನ್ನು ನೆಪವೆಂದು ಹೇಳುತ್ತಿಲ್ಲ, ಆಗ ನನ್ನ ತಲೆಯಲ್ಲಿ ಇದ್ದದ್ದೇ ಅದು. ನಾನು ಸುಮ್ಮನಿದ್ದೆ. ಮುಂದಿನ ತಿಂಗಳಿನಿಂದ ಬರುವುದು ಬೇಡ ಎಂದು ಮಾಸ್ತರಿಗೆ ಹೇಳಿದರು.

ಅವರ ಕಡೆಯ ದಿನ ಸಂಜೆ ನಾನು ಹಳಿಯಾಳ ಬಸ್ ನಿಲ್ದಾಣಕ್ಕೆ ಹೋದೆ. ದಾಂಡೇಲಿ ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತಿದ್ದರು. ಹತ್ತಿರ ಹೋಗಿ, ನನ್ನನ್ನು ಉಳಿಸಿದಿರಿ, ನಿಮ್ಮ ಉಪಕಾರ ಹೆಂಗ ತೀರಿಸಲಿ ಎಂದು ಏನೋ ಹೇಳತೊಡಗಿದೆ.

“ನಿಮ್ಮನ್ನ ಉಳಸಾಕ ಹೇಳಿಲ್ರಿ ನಾ,” ಎಂದರು. ದನಿಯಲ್ಲಿ ಒರಟುತನವೇನೂ ಇರಲಿಲ್ಲ. “ಎರಡು ಅಂದಾಗ ಆಗೂದಿಲ್ಲ ಅನ್ನಬೇಕಾಗಿತ್ತು, ಅನ್ನಲಿಲ್ಲ. ನೀವು ಏನೂ ಇಲ್ಲ ಅಂದಾಗ ತಿರುಗಿ ನೋಡಬೇಕಾಗಿತ್ತು, ನೋಡಲಿಲ್ಲ. ನನ್ನ ಮರ್ಯಾದಿ ನನಗ ದೊಡ್ಡದಾತು. ಅದನ್ನ ಹೇಳೇನಿ ಅಷ್ಟ.”

“ಮತ್ತ ನಂದು?”

“ನಿಮ್ಮದು ನಿಮ್ಮ ಕಡೆ ಐತ್ರಿ. ಅದನ್ನ ನಾ ಹೆಂಗ ತಗೊಳ್ಳಲಿ.”

ಬಸ್ಸು ಬಂತು, ಹತ್ತಿ ಹೋದರು. ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಕ್ಷಮಿಸಿದೆ ಎಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ಮನೆಯವರೆಗೂ ಬೈದುಕೊಂಡೆ. ಬೈಯುವುದಕ್ಕೆ ಅವರಿಗಿಂತ ಸುಲಭವಾದವರು ನನಗೆ ಆಗ ಯಾರೂ ಸಿಗಲಿಲ್ಲ.

ಆಮೇಲಿನದನ್ನು ನಾನು ಅವರಿವರ ಬಾಯಿಂದ ಕೇಳಿದ್ದು. ದಾಂಡೇಲಿಯಲ್ಲಿ ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿ ಇಟ್ಟಿದ್ದರಂತೆ. ಪ್ರತಿ ತಿಂಗಳ ಮೊದಲ ಶನಿವಾರ ಅಂಗಡಿ ಮುಚ್ಚಿ ಸಾಂಬ್ರಾಣಿಗೆ ಹೋಗಿ ಆ ಹೆಣ್ಣುಮಗಳನ್ನು ನೋಡಿ ಬರುತ್ತಿದ್ದರಂತೆ. ಹುಬ್ಬಳ್ಳಿಗೆ ಹೋಗುವ ದಿನ ಬಂದರೆ ಗಂಡಹೆಂಡಿರ ಜೊತೆ ಹೋಗಿ ಚೀಟಿ ಮಾಡಿಸುವುದು, ಅಲ್ಲಿಯವರು ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ ಹೇಳುವುದು. ಒಂದೂವರೆ ವರ್ಷ ಹಾಗೆ ನಡೆಯಿತು. ಮಹಾನವಮಿಯ ಹೊತ್ತಿಗೆ ಆಕೆ ತೀರಿಕೊಂಡಳು. ಸುದ್ದಿ ಗೊತ್ತಾದಾಗ ನಾನು ಹೋಗಲಿಲ್ಲ. ಹೋಗಿ ಯಾರೆಂದು ಹೇಳಿಕೊಳ್ಳಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಸ್ಪತ್ರೆಯ ಇಮೇಲನ್ನು ಹೊರಗಿನ ಕಂಪನಿಯವರು ವಹಿಸಿಕೊಂಡಿದ್ದರು. ಎಲ್ಲರಿಗೂ ಒಂದೇ ಅಳತೆ. ನಾನು ನಿವೃತ್ತಳಾಗುವವರೆಗೆ ನನಗೇನು ಬೇಕು ಎಂದು ಕೇಳಲು ಯಾರೂ ಮೇಜಿನ ಹತ್ತಿರ ಬರಲಿಲ್ಲ.

ಮಾಸ್ತರು ತೀರಿಕೊಂಡ ಸುದ್ದಿ ಬಂದ ಐದನೆಯ ದಿನ ದಾಂಡೇಲಿಗೆ ಹೋದೆ. ಸತ್ತವರ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುವುದು ನಮ್ಮ ಕಡೆಯ ರೂಢಿ. ಇದನ್ನೂ ತಪ್ಪಿಸಿದರೆ ನಾನು ಮನುಷ್ಯಳೇ ಅಲ್ಲ ಎನ್ನಿಸಿತ್ತು. ಮಿಲ್ಲಿನ ಕೆಲಸಗಾರರ ಓಣಿಯಲ್ಲಿ ಎರಡು ಕೋಣೆಯ ಮನೆ. ಅವರ ಹೆಂಡತಿ ಚಾಪೆ ಹಾಸಿ ಕೂಡಿಸಿ, ನಾನು ಯಾರೆಂದು ತಿಳಿದ ಮೇಲೆ, “ನಿಮ್ಮ ಸುದ್ದಿ ಹೇಳ್ತಿದ್ರು. ಕೆಲಸದಾಗ ಭಾಳ ಚುರುಕು ಅಂತಿದ್ರು,” ಎಂದರು. ಆ ಮಾತಿನಲ್ಲಿ ಚುಚ್ಚುವ ಉದ್ದೇಶ ಏನೂ ಇರಲಿಲ್ಲ, ಆದರೂ ನನಗೆ ತಲೆ ಎತ್ತಲಾಗಲಿಲ್ಲ.

ಬಾಗಿಲ ಹತ್ತಿರ ಪಟಗ ಸುತ್ತಿದ ಒಬ್ಬ ರೈತ ಕೂತಿದ್ದರು. “ಇವರು ಸಾಂಬ್ರಾಣಿಯವರು,” ಎಂದು ಆಕೆ ಹೇಳಿದರು. “ಇವರ ಮನಿಯವರು ಹೋದ ಮ್ಯಾಲೂ ನಮ್ಮವರು ವರ್ಷಕ್ಕ ಒಮ್ಮಿ ಇವರಲ್ಲಿ ಹೋಗಿ ಬರ್ತಿದ್ರು.” ನಾನು ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟೆ. ಎದ್ದು ಓಡಿಹೋಗಬೇಕು ಎನ್ನಿಸಿತು.

ಹೊರಡುವಾಗ ಆ ರೈತರೂ ಎದ್ದರು. ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದೆವು. ಅವರೇ ಮಾತು ತೆಗೆದರು. “ಮಾಸ್ತರು ಮೊದಲನೇ ದಿನಾನ ಹೇಳಿದ್ರು ನೋಡ್ರಿ, ತಪ್ಪು ನಂದೈತಿ ಅಂತ. ನನಗ ಸಿಟ್ಟು ಬಂದು ಹೊರಗ ಹಾಕಿದ್ದೆ. ಮುಂದಿನ ತಿಂಗಳ ಮತ್ತ ಬಂದ್ರು. ಎಷ್ಟಂತ ಹೊರಗ ಹಾಕಲಿ.” ಸ್ವಲ್ಪ ದೂರ ನಡೆದು, “ನೀವೂ ಅದ ದವಾಖಾನ್ಯಾಗ ಇದ್ರೇನ್ರಿ?” ಎಂದು ಕೇಳಿದರು.

ನಿಲ್ದಾಣದ ಬೆಂಚಿನ ಮೇಲೆ ಕೂತು ನಾನು ಹೇಳಿದೆ. ಎಲ್ಲವನ್ನೂ ಹೇಳಿದೆ. ಎರಡು ಇಡಿರಿ ಎಂದವಳು ನಾನು, ಡಾಕ್ಟರ ಹೆಸರಿನಲ್ಲಿ ಸುಳ್ಳು ಹೇಳಿದವಳು ನಾನು, ಪೆಟ್ಟಿಗೆ ತೆಗೆಯದೆ ನೋಡಿದೆ ಎಂದವಳು ನಾನು, ನಿಮ್ಮ ಹೆಂಡತಿಗೆ ಮೂರು ಸಲ ಬಂದಿಲ್ಲ ಎಂದವಳೂ ನಾನೇ, ಮಾಸ್ತರು ನನ್ನ ಹೆಸರು ಎಲ್ಲಿಯೂ ಎತ್ತಲಿಲ್ಲ ಎಂದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಬೈಯಲಿ, ಬೆಂಚಿನಿಂದ ಎಬ್ಬಿಸಿ ಕಳಿಸಲಿ ಎಂದು ನಾನು ಕಾದೆ.

“ಬಾಗಲದಾಗ ಕೂಡತಿದ್ದ ಬಾಯಾರು ನೀವೇನ್ರಿ?” ಎಂದರು.

ಹೌದು ಎಂದೆ.

“ಆಕಿ ನಿಮ್ಮ ಸುದ್ದಿ ಹೇಳತಿದ್ಲು. ಎರಡನೇ ಸಲ ಬಂದು ಹೋದ ಮ್ಯಾಲ ನಾ ಅಂದೆ, ಇವರ ಕಾಗದ ಕಾಯೂದು ಬ್ಯಾಡ, ನಾವ ಹುಬ್ಬಳ್ಳಿಗೆ ಹೋಗಿ ತೋರಿಸಿಕೊಂಡು ಬರೂಣು ಅಂತ. ನಸಿಕಿನ್ಯಾಗ ಎದ್ದು ಹೊಸಾ ಅಂಗಿ ಹಾಕ್ಕೊಂಡು ತಯಾರಾಗಿ ನಿಂತಿದ್ದೆ. ಆಕಿ ಒಲ್ಲೆ ಅಂದ್ಲು.” ಅವರು ಪಟಗ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. “ಆ ಬಾಯಾರು ಭಾಳ ಛಲೋ ಅದಾರ, ನನ್ನ ಮಕ್ಕಳ ಹೆಸರು ಸೈತ ಕೇಳ್ಯಾರ, ಕೆಟ್ಟದ್ದೇನರ ಇದ್ದಿದ್ರ ಅವರು ನನಗ ಹೇಳದ ಇರ್ತಿದ್ದಿಲ್ಲ ಅಂದ್ಲು. ಅಂದು ಬುಟ್ಟಿ ತುಂಬಕೊಂಡು ಸಂತಿಗೆ ಹೋದ್ಲು.”

ಹಳಿಯಾಳದ ಬಸ್ಸು ಬಂದು ನಿಂತಿತು. ಅವರು ಪಟಗ ಸುತ್ತಿಕೊಂಡು, “ಬರ್ರಿ” ಎಂದು ಹತ್ತಿದರು. ನಾನೂ ಹೋಗಬೇಕಾದದ್ದು ಅದೇ ಬಸ್ಸಿಗೆ. ಕಂಡಕ್ಟರ ಎರಡು ಸಲ ಕರೆದ. ನಾನು ಹತ್ತಲಿಲ್ಲ.